ಏಳನೆಯ ಗೆಣ್ಣು

"ಕಿವಿ ಹಿಡದ್ರ ಆತೇನ ಹುಚ್ಚಿ? ಆ ಕಿವಿ ಕೇಳಸಬೇಕಲಾ!" ಅಂದರು ಮುಖ್ಯಾಧ್ಯಾಪಕ ದತ್ತಾತ್ರಿ ಮಾಸ್ತರರು.

ಶಾರದವ್ವ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಹಿಡಿದು ನಿಂತಿದ್ದಳು. ಕೈಗೆ ಕಿವಿ ಸಿಕ್ಕರೆ ಆರು ವರ್ಷ ತುಂಬಿದೆ ಎಂದು ಅರ್ಥ. ಬೆಟಗೇರಿಯ ನಮ್ಮ ಕೇರಿಯಲ್ಲಿ ಯಾರ ಬಳಿಯೂ ಜನನ ಪತ್ರ ಇರಲಿಲ್ಲವಾದ್ದರಿಂದ ೧೯೭೯ರ ಜೂನ್‌ನಲ್ಲಿ ಕನ್ನಡ ಶಾಲೆಗೆ ಅದೇ ದಾಖಲೆ. ಕೈ ಇಳಿಸು ಎಂದು ಮಾಸ್ತರರು ಎರಡು ಸಲ ಹೇಳಿದ್ದರು. ಅವಳು ಇನ್ನೂ ಹಿಡಿದೇ ಇದ್ದಳು.

"ಹೆಸರ ನೋಡಿದ್ರ ಶಾರದವ್ವ. ಬಾಯಾಗ ನೋಡಿದ್ರ ಅ ಇಲ್ಲ, ಆ ಇಲ್ಲ. ಈ ಮೂಕಿನ್ನ ಕಟಗೊಂಡ ನಾ ಏನ ಮಾಡ್ಲಿ? ಮಾಡದಾಗ ಇಟ್ಟ ಊದಿನಕಡ್ಡಿ ಹಚ್ಚಲಿ?"

ತಾಯಿ ಹನಮಂತವ್ವ ನೆಲ ನೋಡುತ್ತಲೇ ಹೇಳಿದಳು. "ಶಾಣ್ಯಾಕಿ ಅದಾಳ್ರಿ. ಹೇಳಿದ್ದ ತಿಳಕೋತಾಳ್ರಿ."

"ಕೇಳಿದ್ರಲಾ ತಿಳಿಯೂದು!"

"ಕೈಲೆ ಹೇಳಬೇಕ್ರಿ ಮಾಸ್ತರ," ಅಂದಳು ಜೊತೆಗೆ ಬಂದಿದ್ದ ಫಕೀರಬಿ. "ನಾವ್ ಹಂಗ ಹೇಳೂದ್ರಿ."

"ಕೈಲೆ ಹೇಳಾಕ ನಾ ಏನ ಸರ್ಕಸ್‌ನವನ?"

ಅಷ್ಟು ಹೇಳಿ ಮಾಸ್ತರರು ಒಂದು ಚಿಟಿಕೆ ನಶ್ಯ ಏರಿಸಿ, ಹಾಜರಿ ಪಟದ ಮೇಲೆ ಬೆರಳಾಡಿಸಿದರು. ಮೂವತ್ತೊಂಬತ್ತು ಹೆಸರು. ನಲವತ್ತು ತುಂಬದಿದ್ದರೆ ಆ ವರ್ಷ ಮೂರನೆಯ ಮಾಸ್ತರರ ಜಾಗ ಹೋಗುವುದಿತ್ತು. ಪೆನ್ನಿನ ಟೊಪ್ಪಿಗೆ ತೆಗೆದರು.

"ತಪಾಸಣಿ ಆಗೂತನಾ ಕುಂಡ್ರಲಿ. ಬಾಗಲ ಕಡೆ, ಉಳದ ಮಕ್ಕಳಿಗೆ ಹತ್ತದಂಗ. ಗದ್ದಲಾ ಮಾಡೂ ಚಿಂತಿ ಅಂತೂ ಇಲ್ಲ."

ಹೀಗೆ ಶಾರದವ್ವ ನಲವತ್ತನೆಯವಳಾದಳು. ಹೊರಗೆ ಬಂದ ಮೇಲೂ ಅವಳು ಕಿವಿ ಬಿಟ್ಟಿರಲಿಲ್ಲ. ಫಕೀರಬಿಯೇ ಕೈ ಹಿಡಿದು ಇಳಿಸಿದಳು.

ಶಾಲೆಯಿಂದ ರಸ್ತೆ ದಾಟಿದರೆ ಚನ್ನಬಸವಣ್ಣನವರ ಹತ್ತಿಯ ಜಿನ್ನು. ಇಪ್ಪತ್ತನಾಲ್ಕು ಯಂತ್ರ, ಯಂತ್ರಕ್ಕೊಬ್ಬಳಂತೆ ಇಪ್ಪತ್ತನಾಲ್ಕು ಹೆಂಗಸರು. ಹಿರೇವಡ್ಡಟ್ಟಿ, ಲಕ್ಕುಂಡಿ ಕಡೆಯಿಂದ ಗಾಡಿಯಲ್ಲಿ ಬರುವ ಹತ್ತಿಯನ್ನು ಯಂತ್ರದ ಬಾಯಿಗೆ ಉಣಿಸುವುದು ನಮ್ಮ ಕೆಲಸ. ಒಂದು ಕಡೆ ಅರಳೆ ಬೀಳುತ್ತದೆ, ಇನ್ನೊಂದು ಕಡೆ ಕಾಳು. ಯಂತ್ರಗಳ ಪಟ್ಟಾ ತಿರುಗಲು ಶುರುವಾದರೆ ಪಕ್ಕದವಳ ಕಿವಿಯಲ್ಲಿ ಕೂಗಿದರೂ ಕೇಳದು. ಕೂಗಲು ಬಾಯಿ ತೆರೆದರೆ ಹತ್ತಿಯ ಧೂಳು ಗಂಟಲಿಗೆ.

ಆದ್ದರಿಂದ ಜಿನ್ನಿನಲ್ಲಿ ನಮ್ಮ ಮಾತೆಲ್ಲ ಕೈಯಲ್ಲಿ. ಯಾರು ಶುರು ಮಾಡಿದರೋ ಗೊತ್ತಿಲ್ಲ, ನಮ್ಮ ತಾಯಂದಿರ ಕಾಲಕ್ಕೇ ಇತ್ತು. ಮೇಲ್ತುಟಿಯ ಮೇಲೆ ಬೆರಳೆಳೆದರೆ ಮುಕಾದಮ ದೇವಪ್ಪ, ಅವನ ಮೀಸೆ. ಹೊಟ್ಟೆಯ ಮೇಲೆ ಕೈಯಾಡಿಸಿದರೆ ಮಾಲೀಕರು. ನೀರು, ಚಹಾ, ಬಸಿರು, ಗಂಡ ಕುಡಿದು ಬಂದದ್ದು, ಸೊಸೆ ಹೇಳದೆ ತವರಿಗೆ ಹೋದದ್ದು, ಎಲ್ಲಕ್ಕೂ ಕೈ ಇತ್ತು. ಬೈಗುಳಕ್ಕೆ ಹನ್ನೊಂದು ಬಗೆ ಇದ್ದವು.

ಎಣಿಕೆಯೂ ಹಾಗೆಯೇ. ಬಲಗೈ ಯಂತ್ರಕ್ಕೆ ಬೇಕು, ಉಣಿಸಿದ ಬುಟ್ಟಿಗಳನ್ನು ಎಡಗೈಯಲ್ಲೇ ಎಣಿಸಬೇಕು. ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ನಡೆಯುತ್ತದೆ. ತೋರುಬೆರಳಿಗೆ ಮೂರು ಗೆಣ್ಣು, ನಡುವಿನದಕ್ಕೆ ಮೂರು, ಉಂಗುರದ್ದಕ್ಕೆ ಮೂರು, ಕಿರುಬೆರಳಿಗೆ ಮೂರು. ಒಂದೇ ಕೈಯಲ್ಲಿ ಹನ್ನೆರಡು. ಹೆಬ್ಬೆರಳು ಎಲ್ಲಿ ನಿಂತಿದೆಯೋ ಅದೇ ಲೆಕ್ಕ.

ಶಾರದವ್ವ ಆರು ತಿಂಗಳ ಕೂಸಿದ್ದಾಗಿನಿಂದ ತಾಯಿಯ ಯಂತ್ರದ ಪಕ್ಕ ಹತ್ತಿಬುಟ್ಟಿಯಲ್ಲಿ ಬೆಳೆದವಳು. ನಮ್ಮ ಮಾತೆಲ್ಲ ಅವಳಿಗೆ ಬರುತ್ತಿತ್ತು. ಅವಳಿಗೆ ಕಿವಿ ಕೇಳುವುದಿಲ್ಲವೆಂಬುದು ನಮಗೆ ತಿಳಿದದ್ದೇ ಎರಡೂವರೆ ವರ್ಷಕ್ಕೆ, ಅದೂ ಮಳೆಗಾಲದಲ್ಲಿ, ಜಿನ್ನು ಬಂದ್ ಇದ್ದಾಗ. ಅಲ್ಲಿಯತನಕ ಅವಳು ನಮ್ಮೆಲ್ಲರಂತೆಯೇ ಇದ್ದಳು. ಅವಳ ಹೆಸರು, ಕೆನ್ನೆಗೆ ಒತ್ತಿದ ಒಂದು ಬೆರಳು. ನಕ್ಕರೆ ಅವಳಿಗೆ ಅಲ್ಲಿ ಗುಳಿ ಬೀಳುತ್ತಿತ್ತು.

ನವೆಂಬರದಲ್ಲಿ ಜಿನ್ನು ಶುರುವಾಯಿತು. ನಮ್ಮ ಊಟದ ಬಿಡುವು ಹನ್ನೆರಡೂವರೆಗೆ, ಶಾಲೆಯದು ಎರಡಕ್ಕೆ. ನಾವು ರೊಟ್ಟಿ ಗಂಟು ಹಿಡಿದು ಒಂದನೇ ಇಯತ್ತೆಯ ಕಿಟಕಿಯ ಕೆಳಗೆ ಕೂರಲು ಶುರು ಮಾಡಿದೆವು. ಅಲ್ಲಿ ಗೋಡೆಯ ನೆರಳಿತ್ತು. ಒಳಗೆ ಮಾಸ್ತರರು ಹೇಳಿದ್ದನ್ನು ಫಕೀರಬಿ ಕಿಟಕಿಯಲ್ಲಿ ನಿಂತು ಕೈಯಿಂದ ಹೇಳುತ್ತಿದ್ದಳು. ಓದು ಬಾರದ ಫಕೀರಬಿಗೆ ಡಿಸೆಂಬರದ ಹೊತ್ತಿಗೆ ಕಾಗುಣಿತ ಅರ್ಧ ಬಂದಿತ್ತು.

"ಏ, ಕಿಡಕ್ಯಾಗ ಕಾಗಿ ಹಂಗ ಏನ ನಿಂತೀ?" ಎಂದು ಮಾಸ್ತರರು ಗದರುತ್ತಿದ್ದರು.

"ಗಾಳಿಗ್ರಿ," ಅನ್ನುತ್ತಿದ್ದಳು.

ಮಾಸ್ತರರು ಉಳಿದ ಮಕ್ಕಳ ಪಾಟಿಯನ್ನು ಕೈಯಲ್ಲಿ ಹಿಡಿದು ತಿದ್ದುತ್ತಿದ್ದರು. ಶಾರದವ್ವನದನ್ನು ನೆಲಕ್ಕಿಡಿಸಿ, ಬೆತ್ತದ ತುದಿಯಿಂದ ಗೀಟು ಎಳೆಯುತ್ತಿದ್ದರು. ಲೆಕ್ಕ ಕೇಳಿದಾಗ ಅವಳು ಎಡಗೈ ಎತ್ತಿ ತೋರಿಸಿದರೆ ಒಂದು ಬೆತ್ತದೇಟು. ಏಕೆ ಬಿತ್ತೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಬೆತ್ತ ಬಿದ್ದ ಕೈಯನ್ನು ನೋಡಿಕೊಂಡು ಮತ್ತೆ ಎಣಿಸುತ್ತಿದ್ದಳು, ತಪ್ಪೆಲ್ಲಿ ಎಂದು.

ಮಕ್ಕಳು ಮಾತ್ರ ಬೇಗ ಕಲಿತರು. ಮಾಸ್ತರರ ಎದುರಿಗೇ ಕೂತು ಸದ್ದಿಲ್ಲದೆ ಹರಟಬಹುದಾದ ಮಾತು ಯಾವ ಮಕ್ಕಳಿಗೆ ಬೇಡ? ಎರಡು ಬೆರಳು ಮೂಗಿಗೆ ಏರಿಸಿದರೆ ಮಾಸ್ತರರು, ನಶ್ಯ. ಒಂದನೇ ಇಯತ್ತೆ ಇಡೀ ಶಾಲೆಯಲ್ಲೇ ಶಾಂತವಾಯಿತು. ಅದು ತಮ್ಮ ಶಿಸ್ತೆಂದು ಮಾಸ್ತರರು ಊರಲ್ಲೆಲ್ಲ ಹೇಳಿಕೊಂಡರು.

ಡಿಸೆಂಬರದ ಒಂದು ಮಧ್ಯಾಹ್ನ ಬಿಡುವು ಮುಗಿಯುವಾಗ ಚನ್ನಬಸವಣ್ಣನವರು ಜಿನ್ನಿಗೆ ಬಂದರು. ಶಾಲೆಯ ಕಮಿಟಿಗೆ ಅವರೇ ಅಧ್ಯಕ್ಷರು.

"ಹನಮಿ, ಮೂಕಿನ್ನ ಸಾಲಿಗೆ ಹಾಕೀಯಂತ? ಕಲೆಕ್ಟರ್ ಮಾಡಾಕಿ ಏನ?" ಎಂದು ನಕ್ಕರು. "ಹುಚ್ಚಿ, ಜಿನ್ನಿಗೆ ಇಂಥಾಕೀನ ಬೇಕು. ಸಪ್ಪಳದ ತ್ರಾಸಿಲ್ಲ, ಮಾತಾಡಿ ಹೊತ್ತ ಕಳ್ಯಾಂಗಿಲ್ಲ. ತಪಾಸಣಿ ಮುಗೀಲಿ, ಹತ್ತ್ಯಾಗಿನ ಕಸಾ ಆರಸಾಕ ಕುಂಡ್ರಸು. ಮಾಸ್ತರಗ ನಾ ಹೇಳೇನಿ."

ಹನಮಂತವ್ವ ನೆಲ ನೋಡುತ್ತ ಯಂತ್ರದ ಮುಂದೆ ಹೋಗಿ ನಿಂತಳು. ಪಟ್ಟಾ ತಿರುಗಿತು. ನಾಲ್ಕನೆಯ ಯಂತ್ರದ ಮುಂದೆ ಫಕೀರಬಿ ಹೊಟ್ಟೆಯ ಮೇಲೆ ಕೈಯಾಡಿಸಿ, ಹನ್ನೊಂದರಲ್ಲಿ ಏಳನೆಯ ಬೈಗುಳ ಸೇರಿಸಿದಳು. ಇಪ್ಪತ್ತಮೂರು ಹೆಂಗಸರು ಒಟ್ಟಿಗೆ ನಕ್ಕರು. ಮಾಲೀಕರು ಧೋತರ ಸರಿಯಾಗಿದೆಯೇ ಎಂದು ಹಿಂದೆ ಮುಟ್ಟಿ ನೋಡಿಕೊಂಡರು.

ಜನವರಿ ೨೨, ಮಂಗಳವಾರ, ತಪಾಸಣೆಯ ಸಾಹೇಬರು ಬಂದರು. ಹನ್ನೆರಡು ಮುಕ್ಕಾಲಿಗೆ ಒಂದನೇ ಇಯತ್ತೆಗೆ ಹೊಕ್ಕರು. ನಾವು ಕಿಟಕಿಯ ಕೆಳಗಿದ್ದೆವು, ರೊಟ್ಟಿ ಬಿಚ್ಚಿರಲಿಲ್ಲ. ಇಂದು ಹೇಗೆ ನಡೆಯುವುದೋ ಹಾಗೆ ಅವಳ ಹೆಸರು ಉಳಿಯುವುದು ಇಲ್ಲವೇ ಹೋಗುವುದು ಎಂದು ಎಲ್ಲರಿಗೂ ಗೊತ್ತಿತ್ತು.

ತಲೆ ಎಣಿಸಿದರು. ನಲವತ್ತು.

"ಬಾಗಲದಾಗ ಕುಂತಾಕಿ ಯಾರು?"

"ಅದು ಮೂಕಿರಿ ಸಾಹೇಬ್ರ. ಪಟದಾಗ ಅದ, ಪಾಠದಾಗಿಲ್ಲ."

ಸಾಹೇಬರು ಹಲಗೆಯ ಮೇಲೆ ೩ + ೪ ಎಂದು ಬರೆದು ಅವಳತ್ತ ಬೆರಳು ಮಾಡಿದರು. ಶಾರದವ್ವ ಎದ್ದು ನಿಂತಳು. ಎಡಗೈ ಎತ್ತಿದಳು. ಹೆಬ್ಬೆರಳು ಉಂಗುರ ಬೆರಳಿನ ಮೊದಲ ಗೆಣ್ಣಿನ ಮೇಲೆ ನಿಂತಿತ್ತು.

"ನಾಲ್ಕ ಬೆರಳ ತೋರಸ್ತಾಳಲಾ?" ಅಂದರು ಸಾಹೇಬರು.

"ಏನ ಕೇಳಿದ್ರೂ ಹೆಬ್ಬಟ್ಟ ಒತ್ತತದರಿ. ಜಾತಿ ಗುಣ. ಅಪ್ಪ ಹೆಬ್ಬಟ್ಟ, ಅವ್ವ ಹೆಬ್ಬಟ್ಟ, ಇದೂ ಹೆಬ್ಬಟ್ಟ."

"ಏಳ ಅಂದಾಳ್ರಿ ಸಾಹೇಬ್ರ!"

ಕಿಟಕಿಯಲ್ಲಿ ಫಕೀರಬಿಯ ತಲೆ. ಕೂದಲ ತುಂಬ ಅರಳೆ.

"ನೀ ಯಾರವಾ?"

"ಎದರಿನ ಜಿನ್ನಿನಾಕಿರಿ. ನಾಲ್ಕನೇ ನಂಬರ್ ಮಿಶನ್. ಎಣಸಿ ನೋಡ್ರಿ. ಈ ಬೆರಳಿಗೆ ಮೂರ ಗೆಣ್ಣ, ಇದಕ್ಕ ಮೂರ, ಆರಾತಲ್ರಿ? ಮುಂದಿನ ಗೆಣ್ಣ ಏಳ. ಆಕಿ ಹೆಬ್ಬಟ್ಟ ಎಲ್ಲಿ ಐತಿ ನೋಡ್ರಿ."

"ಇವ್ರ ಕಿಡಕ್ಯಾಗಿಂದ ಹೇಳಿಕೊಟ್ಟಾರ್ರಿ," ಅಂದರು ಮಾಸ್ತರರು.

"ಕಿಡಕಿ ಹಾಕ್ರಿ," ಅಂದರು ಸಾಹೇಬರು.

ಕಿಟಕಿ ಮುಚ್ಚಿತು. ಆದರೆ ಆ ಕಿಟಕಿಯ ಬಾಗಿಲಿನಲ್ಲಿ ಎರಡು ಬೆರಳಗಲದ ಸೀಳಿತ್ತು, ಕಮಿಟಿಯವರು ಮೂರು ವರ್ಷದಿಂದ ದುರಸ್ತಿ ಮಾಡಿಸಿರಲಿಲ್ಲ. ಅದರಲ್ಲಿ ನಾವು ಸರದಿಯ ಮೇಲೆ ನೋಡಿದೆವು. ಸಾಹೇಬರು ೫ + ೬ ಬರೆದರು. ಶಾರದವ್ವನ ಹೆಬ್ಬೆರಳು ಕಿರುಬೆರಳಿನ ನಡುವಿನ ಗೆಣ್ಣಿಗೆ ಹೋಗಿ ನಿಂತಿತು. ಸಾಹೇಬರು ತಮ್ಮ ಕೈಯನ್ನೇ ಮುಖದ ಮುಂದೆ ಹಿಡಿದು, ತುಟಿ ಅಲುಗಿಸುತ್ತ ಎಣಿಸಿದರು. ಹನ್ನೊಂದು. ಬಾಗಿಲ ತನಕ ನಡೆದು ಹೋಗಿ ಅವಳ ಪಾಟಿಯನ್ನು ಕೈಗೆತ್ತಿಕೊಂಡರು.

"ಹಿಂಗ ಎಣಸೂದು ಸಾಲಿ ಪದ್ಧತಿ ಅಲ್ರಿ," ಅಂದರು ಮಾಸ್ತರರು.

ಮುಚ್ಚಿದ ಕಿಟಕಿಯ ಹೊರಗಿನಿಂದ ಫಕೀರಬಿಯ ದನಿ ಬಂತು. "ಮುಂಜಾನೆ ಬಾವಿಕಟ್ಟಿ ಮ್ಯಾಲ ಕುಂತ ನೀವ್ ಜಪಾ ಹೆಂಗ ಎಣಸ್ತೀರಿ ಮಾಸ್ತರ? ದಿನಾ ನೋಡತೀನ್ರಿ ನಾ. ನಿಮ್ಮ ಹೆಬ್ಬಟ್ಟ ಗೆಣ್ಣಿನ ಮ್ಯಾಲ ಓಡಿದ್ರ ದೇವರಿಗೆ ಮುಟ್ಟತೈತಿ. ನಮ್ಮ ಹುಡುಗೀದ ಓಡಿದ್ರ ಜಾತಿ ಗುಣ, ಹೌದಿಲ್ರಿ?"

ಸಾಹೇಬರಿಗೆ ಕೆಮ್ಮು ಬಂತು. ಕರವಸ್ತ್ರ ಬಾಯಿಗೆ ಹಿಡಿದು ಬಹಳ ಹೊತ್ತು ಕೆಮ್ಮಿದರು.

ಅವರು ಬರೆದದ್ದನ್ನು ಮೂರನೆಯ ಮಾಸ್ತರರು ಸಂಜೆ ನಮಗೆ ಓದಿ ಹೇಳಿದರು. ಮೂರೇ ವಾಕ್ಯ. 'ಮೂಕ ಬಾಲಕಿ ಒಬ್ಬಳಿದ್ದಾಳೆ. ಲೆಕ್ಕ ಬರುತ್ತದೆ. ಮುಂದಿನ ಕ್ರಮ ಮುಖ್ಯಾಧ್ಯಾಪಕರ ವಿವೇಚನೆಗೆ ಬಿಟ್ಟದ್ದು.'

ವಿವೇಚನೆಗೆ ಒಂದು ರಾತ್ರಿ ಸಾಕಾಯಿತು. ಬುಧವಾರ ಹನ್ನೊಂದೂ ಕಾಲಿಗೆ ಶಾರದವ್ವ ಪಾಟಿ ಹಿಡಿದು ಜಿನ್ನಿಗೆ ಬಂದಳು. ತಾಯಿಯ ಯಂತ್ರದ ಮುಂದೆ ನಿಂತು ಕೈಯಲ್ಲಿ ಹೇಳಿದಳು. ಮೂಗಿಗೆ ಎರಡು ಬೆರಳು. ಪುಸ್ತಕ. ಕೆನ್ನೆಗೆ ಒಂದು ಬೆರಳು. ಆಮೇಲೆ ಅಂಗೈಯಿಂದ ಗಾಳಿಯನ್ನು ಒರೆಸಿದಳು.

ದೇವಪ್ಪ ಒಂದು ಬುಟ್ಟಿ ತಂದು ಅವಳ ಕಾಲ ಬಳಿ ಇಟ್ಟ. ಸಿದ್ಧವಾಗಿಯೇ ಇಟ್ಟುಕೊಂಡಿದ್ದ. ಹತ್ತಿಯ ಕಸ ಆರಿಸುವುದನ್ನು ತೋರಿಸಿದ. ಅವಳು ಬುಟ್ಟಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಹನಮಂತವ್ವನ ಬಲಗೈ ಹತ್ತಿ ಉಣಿಸುತ್ತಿತ್ತು. ಎಡಗೈ ಎದ್ದಿತು, ಸಾಲಿನ ಉದ್ದಕ್ಕೂ ನಮಗೆ ಹೇಳಿತು. ಹೇಳಿದ್ದು ಒಂದು ನಿಮಿಷದಲ್ಲಿ ಇಪ್ಪತ್ತನಾಲ್ಕನೆಯ ಯಂತ್ರ ಮುಟ್ಟಿತು. ದೇವಪ್ಪ ಅಲ್ಲೇ ನಿಂತಿದ್ದ, ಅವನಿಗೆ ಒಂದಕ್ಷರ ತಿಳಿಯಲಿಲ್ಲ.

ಹನ್ನೆರಡೂವರೆಗೆ ನಾವು ಕಿಟಕಿಗೆ ಹೋಗಲಿಲ್ಲ. ಬಾಗಿಲಿನಿಂದ ಹೋದೆವು. ಶಾರದವ್ವನನ್ನು ಮುಂದಿಟ್ಟುಕೊಂಡು, ತರಗತಿಯ ನಡುವೆ, ಮಕ್ಕಳ ಸಾಲಿನಲ್ಲೇ ಕೂತೆವು. ಮಕ್ಕಳು ಸರಿದು ಜಾಗ ಕೊಟ್ಟರು.

"ಏನಿದು ದಾಂಧಲಿ? ಏಳ್ರಿ, ಹೊರಗ ನಡೀರಿ! ಇದೇನ ನಿಮ್ಮ ಕೇರಿ ಅಂತ ತಿಳದೀರೇನ?" ಮಾಸ್ತರರು ಗೋಡೆಗೆ ಸರಿದರು.

ಹನಮಂತವ್ವ ಈ ಸಲ ನೆಲ ನೋಡಲಿಲ್ಲ.

"ಪಟಾ ತುಂಬಸಾಕ ತಲಿ ಬೇಕಾಗಿತ್ತಲ್ರಿ ನಿಮಗ. ಇಪ್ಪತ್ನಾಕ ತಲಿ ತಂದೀವ್ರಿ. ಬರಕೋರಿ."

"ಕಮಿಟಿ ಠರಾವ ಆಗೇದ. ಹೆಸರ ಹೊಡದ ಹಾಕೇನಿ."

"ನೀವ ಬರದಿದ್ರಿ, ನೀವ ಹೊಡದೀರಿ. ಮತ್ತ ಬರೀರಿ. ಕರೀರಿ ಆಕೀನ್ನ. ಕರೆಯೂತನಾ ನಾವೂ ಒಂದನೇ ಇಯತ್ತೇನ."

"ನಾ ಕರದ್ರ ಅದಕ್ಕ ಕೇಳಸ್ತದೇನು?"

ಮುಂದಿನ ಸಾಲಿನ ಒಬ್ಬ ಹುಡುಗಿ ಅತ್ತಿತ್ತ ನೋಡಿ ಕೆನ್ನೆಗೆ ಬೆರಳೊತ್ತಿದಳು. ಅವಳ ಪಕ್ಕದವನು ಒತ್ತಿದ. ಅಂದು ಮೂವತ್ತಾರು ಮಕ್ಕಳು ಬಂದಿದ್ದರು. ಮೂವತ್ತಾರು ಕೆನ್ನೆಗಳ ಮೇಲೆ ಮೂವತ್ತಾರು ಬೆರಳು. ಶಾರದವ್ವ ಎದ್ದು ನಿಂತಳು, ಕೈ ಎತ್ತಿದಳು, ಹಾಜರಿ ಕೊಡುವವಳಂತೆ.

ಮಾಸ್ತರರ ಬೆತ್ತ ಮೇಜಿನ ಮೇಲಿತ್ತು. ಅವರು ಅದನ್ನು ಮುಟ್ಟಲಿಲ್ಲ. ಇಪ್ಪತ್ತನಾಲ್ಕು ಹೆಂಗಸರನ್ನು ಇನ್ನೊಮ್ಮೆ ನೋಡಿ, ಪಟ ತೆರೆದು, ಪೆನ್ನಿನ ಟೊಪ್ಪಿಗೆ ತೆಗೆದು ಹಿಡಿದು ಕೂತರು. ಬರೆಯಲಿಲ್ಲ, ಮುಚ್ಚಲೂ ಇಲ್ಲ.

ಒಂದೂ ಕಾಲಿಗೆ, ಬಿಡುವು ಮುಗಿಯಿತೆಂದು, ಜಿನ್ನಿನ ಭೋಂಗಾ ಕೂಗಿತು. ಬೇರೆ ದಿನವಾದರೆ ಅದು ನಿಲ್ಲುವುದರೊಳಗೆ ನಾವು ಯಂತ್ರದ ಮುಂದಿರುತ್ತಿದ್ದೆವು. ಅದು ನಿಂತಿತು. ಮತ್ತೆ ಕೂಗಿತು. ಯಾರೂ ತಿರುಗಲಿಲ್ಲ. ಮೂರನೆಯ ಸಲಕ್ಕೆ ಗೇಟಿನಿಂದ ದೇವಪ್ಪ ಓಡಿ ಬಂದು ರಸ್ತೆಯ ನಡುವೆ ನಿಂತು, "ಏ ರಂಡ್ಯಾರ" ಎಂದು ಶುರು ಮಾಡಿದ. ಮುಂದಿನದು ಭೋಂಗಾದಲ್ಲಿ ಮುಳುಗಿತು. ಬಾಯಿ ತೆರೆಯುವುದು, ಮುಚ್ಚುವುದು ಮಾತ್ರ ಕಾಣುತ್ತಿತ್ತು. ಕೊನೆಗೆ ಎರಡೂ ಕೈಯೆತ್ತಿ ಗಾಳಿಯಲ್ಲಿ ಬೀಸತೊಡಗಿದ.

ಫಕೀರಬಿ ಬಾಗಿಲಿನಿಂದ ಅವನನ್ನು ನೋಡಿದಳು. ಆ ಗದ್ದಲದಲ್ಲಿ ಬಾಯಿಯಿಂದ ಉಪಯೋಗವಿರಲಿಲ್ಲ, ಕೈಯಲ್ಲೇ ಹೇಳಿದಳು. ಮೊದಲು ನಕ್ಕವಳು ಶಾರದವ್ವ, ಆಮೇಲೆ ಮೂವತ್ತಾರು ಮಕ್ಕಳು, ಆಮೇಲೆ ನಾವು.

ಮಾಸ್ತರರೊಬ್ಬರಿಗೇ ತಿಳಿಯಲಿಲ್ಲ. ಭೋಂಗಾ ನಿಂತ ಮೇಲೆ ಫಕೀರಬಿ ಅವರಿಗಾಗಿ ಬಾಯಲ್ಲಿ ಹೇಳಿದಳು.

"ಪಾಪ, ಏನೋ ಹೇಳಾಕ ಬಡದಾಡಾಕತ್ತಾನ್ರಿ. ಮಾತ ಬರಾಂಗಿಲ್ಲ ಅವಂಗ."