ವಿನಯನ ಗಂಟಲಿನಲ್ಲಿ ಆಂಟನಿ

ಅಮೆರಿಕದ ಸಿಯಾಟಲ್ ಬಳಿ, ರೆಂಟನ್ನಿನ ವಿಮಾನ ಕಾರ್ಖಾನೆಯ ಪಾರ್ಕಿಂಗ್ ಜಾಗದಲ್ಲಿ, ಬೆಳಗಿನ ಪಾಳಿ ಶುರುವಾಗುವ ಮುನ್ನ, ಆಂಟನಿಯವರು ಕಾರಿನ ಗಾಜುಗಳನ್ನು ಪೂರ್ತಿ ಏರಿಸಿಕೊಂಡು "ಯಾರಲ್ಲಿ!" ಎಂದು ಕೂಗಿ ನೋಡುತ್ತಾರೆ. ಬರುವುದು ಬರೀ ಗಾಳಿ, ಅದರ ಹಿಂದೆ ಮರಳು ಉಜ್ಜಿದಂಥ ಒಂದು ಸದ್ದು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ದಿನವೂ ಇದೇ. ಒಂದು ಗುಟುಕು ಬಿಸಿನೀರು ಕುಡಿದು ಕೆಲಸಕ್ಕೆ ಇಳಿಯುತ್ತಾರೆ.

ನಡಿಗೆ ಮಾತ್ರ ಇನ್ನೂ ರಾಜನದೇ: ಎದೆ ಮುಂದೆ, ಎಡಗೈ ಮೈಯಿಂದ ತುಸು ದೂರ, ಇಲ್ಲದ ಉತ್ತರೀಯವೊಂದು ಜಾರದಂತೆ ಕಾಯುತ್ತಿರುವ ಹಾಗೆ. ಮಂಗಳೂರಿನ ಚರ್ಚ್ ಹಬ್ಬಗಳ ನಾಟಕಗಳಲ್ಲಿ ಮೈಕಿಲ್ಲದೆ ಬೆಳೆದ ಕಂಠ ಅವರದು. ಸಿಯಾಟಲ್ ಸುತ್ತಲಿನ ಕನ್ನಡಿಗರು ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು ವರ್ಷಕ್ಕೊಮ್ಮೆ ಆಡುವ ನಾಟಕಗಳಲ್ಲಿ ರಾಜ, ಜಮೀನ್ದಾರ, ಪೊಲೀಸು, ಹೀಗೆ ಗದರಿಸುವ ಪಾತ್ರಗಳೆಲ್ಲ ಅವರಿಗೇ. ಒಂದು ಚಾಳಿಯನ್ನು ಮಾತ್ರ ಯಾವ ನಿರ್ದೇಶಕರಿಗೂ ಬಿಡಿಸಲಾಗಲಿಲ್ಲ. ಪ್ರೇಕ್ಷಕರು ನಗುವ ತನಕ ಅವರು ಮುಂದಿನ ಮಾತು ಹೇಳುತ್ತಿರಲಿಲ್ಲ. ನಗದಿದ್ದರೆ ಹುಬ್ಬೇರಿಸಿ ಕಾಯುತ್ತಿದ್ದರು. ಕೊನೆಗೆ ಜನ ಆ ಮೌನಕ್ಕೇ ನಗುತ್ತಿದ್ದರು.

ರೆಡ್ಮಂಡಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ವಿನಯ ನಾಟಕ ತಂಡದ ಊಟಗಳಲ್ಲಿ ಇದನ್ನೆಲ್ಲ ಅನುಕರಿಸಿ ತೋರಿಸುತ್ತಿದ್ದ. "ಎಂತ ಮಂತ್ರಿಗಳೇ, ಖಜಾನೆಯಲ್ಲಿ ಎಂತಾದ್ರೂ ಉಂಟಾ?" ಎಂದು ಅವನು ರಾಗ ಎಳೆದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಆಂಟನಿಯೇ. "ನಾನು ಸತ್ತ ಮೇಲೆ ಪಾದ್ರಿಗಳಿಗೆ ನನ್ನ ಸ್ವರದಲ್ಲಿ ನೀನೇ ಉತ್ತರ ಕೊಡು ಮಾರಾಯ, ಅವರಿಗೆ ಗೊತ್ತಾಗ್ಲಿಕ್ಕಿಲ್ಲ."

ಕಳೆದ ವರ್ಷ, ಮೈಕಿನ ಗೋಳು ಬೇಡವೆಂದು ನಿರ್ದೇಶಕಿ ಮಧುರಾ ಸಂಭಾಷಣೆಯನ್ನೆಲ್ಲ ಮೊದಲೇ ಧ್ವನಿಮುದ್ರಿಸಿಕೊಳ್ಳುವುದು, ನಟರು ವೇದಿಕೆಯಲ್ಲಿ ತುಟಿಯಾಡಿಸುವುದು ಎಂದು ತೀರ್ಮಾನಿಸಿದರು. ಈಸ್ಟ್‌ಗೇಟಿನ ಅವರ ಮನೆಯಲ್ಲಿ ಕೋಟುಗಳನ್ನು ತೂಗುಹಾಕುವ ಪುಟ್ಟ ಕೋಣೆಯೇ ಸ್ಟುಡಿಯೋ. ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದ ಆಂಟನಿ ಒಳಗೆ ಹೋಗಿ ಮತ್ತೆ ಮತ್ತೆ ಪ್ರಯತ್ನಿಸಿ, ದನಿ ಏಳದೆ ಬೆವರುತ್ತ ಹೊರಬಂದರು.

"ಸರ, ತಪ್ಪ ತಿಳ್ಕೋಬ್ಯಾಡ್ರಿ," ಎಂದರು ಧಾರವಾಡದವರಾದ ಮಧುರಾ. "ದನಿ ವಿನಯಂದು ಇರ್ಲಿ. ಸ್ಟೇಜ್ ಮ್ಯಾಲೆ ನೀವ ಇರ್ರಿ. ನಿಮ್ಮನ್ನ ಬಿಟ್ರ ರಾಜಾ ಆಗಾವ್ರು ಯಾರದಾರ್ರಿ?"

ವಿನಯ ನೆಲ ನೋಡುತ್ತಿದ್ದ. "ಅಂಕಲ್, ನೀವು ಬೇಡ ಅಂದ್ರೆ ನಾನು ಮಾಡಲ್ಲ."

"ಮಾಡು ಮಾರಾಯ. ನನ್ನನ್ನು ನನಗಿಂತ ಚಂದ ಮಾಡುವವ ನೀನೇ ಅಲ್ವಾ," ಎಂದರು ಆಂಟನಿ, ಪಿಸುದನಿಯಲ್ಲಿ. ವೇದಿಕೆಯನ್ನು ಬಿಟ್ಟುಕೊಡುವುದು ಅವರಿಂದಾಗಲಿಲ್ಲ.

ಮನೆಯಲ್ಲಿ ಹೆಂಡತಿ ಎಲಿಜಬೆತ್ ಫೋನಿನಲ್ಲಿ ವಿನಯನ ಆ ಧ್ವನಿಮುದ್ರಣ ಹಾಕುತ್ತಿದ್ದರು, ಇವರು ತುಟಿಯಾಡಿಸುತ್ತಿದ್ದರು. ಅದು ಊಟದ ಹೊತ್ತಿನ ಅದೇ ಅನುಕರಣೆ. ಎಳೆತ ಒಂದಿಷ್ಟು ಹೆಚ್ಚು, ಗುಡುಗು ಒಂದಿಷ್ಟು ಹೆಚ್ಚು. ಆ ಅಳತೆಗೆ ಆಂಟನಿ ತಮ್ಮನ್ನು ಹಿಗ್ಗಿಸಿಕೊಳ್ಳಬೇಕಿತ್ತು. ಅದಕ್ಕಿಂತ ಕಷ್ಟದ ಸಂಗತಿಯೆಂದರೆ ಅದು ಯಾರಿಗಾಗಿಯೂ ಕಾಯುತ್ತಿರಲಿಲ್ಲ. ನಗುವಿಗೆಂದು ಇವರು ನಿಂತರೆ, ಇವರನ್ನು ಬಿಟ್ಟು ಮುಂದೆ ಹೋಗುತ್ತಿತ್ತು.

"ಸಾಕು, ಬಿಟ್ಟುಬಿಡಿ," ಎಂದು ಎಲಿಜಬೆತ್ ಕೊಂಕಣಿಯಲ್ಲಿ ಹೇಳಿದರು. ಇನ್ನೊಮ್ಮೆ ಹಾಕು ಎಂದು ಆಂಟನಿ ಬೆರಳಿನಲ್ಲೇ ಸನ್ನೆ ಮಾಡಿದರು.

ನಾಟಕದ ದಿನ ತುಟಿ ಎಲ್ಲಿಯೂ ತಪ್ಪಲಿಲ್ಲ. ಜನ ನಕ್ಕಾಗ ನಗುವಿನ ಮೇಲೆಯೇ ಮಾತು ಹರಿದುಹೋಯಿತು. ಆಂಟನಿ ನಿಲ್ಲದೆ ಅದರ ಜೊತೆಗೆ ಹೋದರು. ಧ್ವನಿ ಮುದ್ರಿತವೆಂದು ಸಭೆಗೆಲ್ಲ ಗೊತ್ತಿತ್ತು. ಅದು ಆಂಟನಿಯವರದಲ್ಲವೆಂದು ಒಬ್ಬರಿಗೂ ಅನುಮಾನ ಬರಲಿಲ್ಲ.

ಆಮೇಲೆ ಬಾಗಿಲ ಬಳಿ, ಪ್ರತಿ ವರ್ಷ ಮುಂದಿನ ಸಾಲಿನಲ್ಲೇ ಕೂರುವ ವಸಂತಲಕ್ಷ್ಮಿ ಕೈಮುಗಿದರು. "ಆಪರೇಷನ್ ಆಯ್ತು ಅಂತ ಭಯ ಪಟ್ಟಿದ್ವಿ ಕಣ್ರೀ. ವಾಯ್ಸ್ ಮೊದಲಿಗಿಂತ ಚೆನ್ನಾಗಿದೆಯಲ್ರೀ ಆಂಟನಿ!"

ಪಕ್ಕದಲ್ಲಿದ್ದ ವಿನಯ ಏನೋ ಹೇಳಲು ಹೊರಟ. ಆಂಟನಿ ಅವನ ಭುಜವನ್ನು ಒತ್ತಿ ಹಿಡಿದರು. ಆಕೆಗೆ ಅವರು ಬಾಯಲ್ಲಿ ಧನ್ಯವಾದ ಹೇಳುವಂತಿರಲಿಲ್ಲ. ರಾಜನ ಗತ್ತಿನಲ್ಲಿ ತಲೆಬಾಗಿ ಆ ಹೊಗಳಿಕೆಯನ್ನು ಸ್ವೀಕರಿಸಿದರು.

ಹವ್ಯಾಸಿ ರಂಗಭೂಮಿ ಇಂಥವರಿಂದಲೇ ನಡೆಯುತ್ತದೆ. ಸಂಬಳವಿಲ್ಲದ ಈ ಕಸುಬಿಗೆ ನಿವೃತ್ತಿಯೂ ಇಲ್ಲ. ತಮ್ಮದೆನ್ನುವುದನ್ನು ಒಂದೊಂದಾಗಿ ಕಳಚಿಕೊಟ್ಟಾದರೂ ಬೆಳಕಿನಲ್ಲಿ ನಿಲ್ಲುವಷ್ಟು ಜಾಗವನ್ನು ಉಳಿಸಿಕೊಳ್ಳುತ್ತಾರೆ. ನೋಡುವವರು ಅದಕ್ಕೆ ಉತ್ಸಾಹ ಎನ್ನುತ್ತಾರೆ.

ಈ ವರ್ಷದ ನಾಟಕದಲ್ಲಿ ಆಂಟನಿಯವರದು ನ್ಯಾಯಾಧೀಶನ ಪಾತ್ರ. ಅದರ ಮಾತುಗಳ ಧ್ವನಿಮುದ್ರಣ ವಿನಯನ ದನಿಯಲ್ಲಿ ಹೋದ ವಾರ ಮುಗಿಯಿತು. ಅವರನ್ನು ಕರೆದಿರಲಿಲ್ಲ.