ಭೋಜ ಶೆಟ್ಟರ ಶನಿ

ಕುಂದಾಪುರದ ಸೀಮೆಗೆ ಆಗ ರೈಲು ಬಂದಿರಲಿಲ್ಲ. ರೈಲು ನೋಡಬೇಕೆಂದರೆ ಮಂಗಳೂರಿಗೆ ಹೋಗಬೇಕು, ಇಲ್ಲವೇ ಘಟ್ಟ ಹತ್ತಬೇಕು. ಹಳಿಯೇ ಇಲ್ಲದ ಊರಿನಲ್ಲಿ ರೈಲಿನಿಂದ ಯಾರಿಗೆ ಏನು ಅಪಾಯ? ಬಿಜೂರಿನ ಮಂಜಯ್ಯ ಶೆಟ್ಟರೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದರು.

ಬೊಂಬಾಯಿಯಲ್ಲಿ ಹೋಟೆಲು ನಡೆಸಿ ವಯಸ್ಸಾದ ಮೇಲೆ ಊರಿಗೆ ಮರಳುವವರು ಒಬ್ಬೊಬ್ಬರು ಒಂದೊಂದನ್ನು ಹೊತ್ತು ತರುತ್ತಾರೆ. ಒಬ್ಬರು ಗ್ರಾಮಫೋನು ತಂದರೆ ಇನ್ನೊಬ್ಬರು ಸಕ್ಕರೆ ಕಾಯಿಲೆ ತರುತ್ತಾರೆ. ಮಂಜಯ್ಯ ಶೆಟ್ಟರು ತಂದದ್ದು ತಗಡಿನ ಆಟಿಕೆ ರೈಲು. ಕೀಲಿ ತಿರುಗಿಸಿ ಬಿಟ್ಟರೆ ಹಳಿಯ ಮೇಲೆ ಕಿರ್ ಕಿರ್ ಎಂದು ಸುತ್ತುವಂಥದು. ಬಿಳಿಯರು ದೇಶ ಬಿಟ್ಟು ಹೋಗುವಾಗ ಅವರ ಮಕ್ಕಳ ಆಟದ ಸಾಮಾನು ಚೋರ್ ಬಜಾರಿನಲ್ಲಿ ರಾಶಿ ಬಿದ್ದಿತ್ತು. ಅಲ್ಲಿಂದ ಒಂದೊಂದಾಗಿ ಕೊಂಡು ಕೂಡಿಸಿದ್ದು.

ಇದೇ ಹುಚ್ಚಿನವರು ಆ ಸೀಮೆಯಲ್ಲಿ ಇನ್ನೂ ಮೂವರಿದ್ದರು. ಕುಂದಾಪುರ ಪೇಟೆಯಲ್ಲಿ ಹೋಟೆಲಿಟ್ಟಿದ್ದ ಉಮಾನಾಥ ಶೆಟ್ಟರು ಒಬ್ಬರು. ಮೀನಿನ ವ್ಯಾಪಾರಕ್ಕೆಂದು ಬೊಂಬಾಯಿಗೆ ಹೋಗಿ ಬರುತ್ತಿದ್ದ ಗಂಗೊಳ್ಳಿಯ ಕುಷ್ಟ ಇನ್ನೊಬ್ಬ. ಎಲ್ಲರಿಗೂ ಹಿರಿಯರು ಬಾರ್ಕೂರಿನ ಭೋಜ ಶೆಟ್ಟರು. ಪ್ರತಿ ಸಂಕ್ರಮಣದ ದಿನ ಉಮಾನಾಥ ಶೆಟ್ಟರ ಹೋಟೆಲಿನ ಉಪ್ಪರಿಗೆಯಲ್ಲಿ ಊಟ ಮುಗಿಸಿ, ಬಾಗಿಲು ಹಾಕಿಕೊಂಡು, ನೆಲದ ಮೇಲೆ ಹಳಿ ಜೋಡಿಸುತ್ತಿದ್ದರು. ಕೆಳಗೆ ಕಾಫಿ ಕುಡಿಯುವವರು ಮೇಲೆ ಇಸ್ಪೀಟು ನಡೆಯುತ್ತದೆ ಎಂದು ತಿಳಿದಿದ್ದರು. ಮರ್ಯಾದೆ ಉಳಿಯಲೆಂದು ಇವರೂ ಇಲ್ಲವೆನ್ನಲಿಲ್ಲ.

ರೈಲಿಗೆ ಋಷಿಮುನಿಗಳು ಶಾಸ್ತ್ರ ಮಾಡಿಟ್ಟಿರಲಿಲ್ಲ; ಆದ್ದರಿಂದ ಇವರೇ ಮಾಡಿಕೊಂಡರು. ನಂಬರು ಕೂಡಿಸಿದಾಗ ಎಂಟು ಬರುವ ಎಂಜಿನನ್ನು ಕೊಳ್ಳಬಾರದು, ಎಂಟು ಶನಿಯದು. ಎಡಗೈಯಲ್ಲಿ ಕೀಲಿ ಕೊಡಬಾರದು. ಮೊದಲ ತಿರುವಿನಲ್ಲೇ ಹಳಿ ತಪ್ಪಿದರೆ ಕಾಯಿ ಒಡೆಯಬೇಕು. ಎಲ್ಲಕ್ಕಿಂತ ದೊಡ್ಡ ನೇಮವೊಂದಿತ್ತು. ಅಪಶಕುನದ ಎಂಜಿನು ಮನೆಗೆ ಬಂದರೆ ಅದನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಹೊಳೆಗೆ ಹಾಕುವಂತಿಲ್ಲ. ಇನ್ನೊಬ್ಬರು ತಾವಾಗಿಯೇ ಬಾಯಿ ಬಿಟ್ಟು ಅದನ್ನು ಕೇಳಬೇಕು. ಕೇಳಿದವರ ಬೆನ್ನಿಗೆ ಅದು ಹೋಗುತ್ತದೆ.

ನಾಲ್ವರೂ ದಿನವೂ ದೇವರಿಗೆ ದೀಪ ಹಚ್ಚುವವರೇ. ಆದರೆ ಮನುಷ್ಯನಲ್ಲಿ ಭಕ್ತಿ ಕೆರೆಯ ನೀರಿನ ಹಾಗೆ ಸುಮ್ಮನೆ ಇರುತ್ತದೆ; ಹೆದರಿಕೆ ಮಾತ್ರ ಕೀಲಿ ಕೊಟ್ಟವರಿಲ್ಲದಿದ್ದರೂ ಓಡುತ್ತಿರುತ್ತದೆ.

ಭೋಜ ಶೆಟ್ಟರ ಹತ್ತಿರ ಒಂದು ಕಪ್ಪು ಎಂಜಿನಿತ್ತು. ಅದನ್ನು ಅವರು ಚೀಲದಿಂದ ತೆಗೆಯುವಾಗಲೇ, "ಬಂತ್ ಕಾಣಿ ಶನಿ, ನನ್ನ್ ಬೆನ್ನ್ ಬಿಡುದಿಲ್ಲ ಇದ್" ಎಂದು ಬೈಯುತ್ತಿದ್ದರು. ಅವರ ಬಾಯಿಯೇ ಹಾಗೆ. ಮಗನಿಗೂ ಕುಪ್ಪ ಎಂದು ಹೆಸರಿಟ್ಟವರು. ಆ ಹೆಸರು ಏಕೆಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅವನಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳು, ಒಳ್ಳೆಯ ದೇವರ ಹೆಸರಿನವು, ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದಕ್ಕೆ ಕಸದ ಹೆಸರಿಟ್ಟರೆ ಯಮನೂ ಕಸವೆಂದು ಬಿಟ್ಟುಹೋಗುತ್ತಾನೆ ಎಂಬುದು ಹಿರಿಯರ ಉಪಾಯ. ಕುಪ್ಪ ಬದುಕಿದ, ಈಗ ಬೊಂಬಾಯಿಯಲ್ಲಿ ಅಪ್ಪನ ಹೋಟೆಲು ನೋಡಿಕೊಂಡಿದ್ದಾನೆ.

ಒಂದು ಮಳೆಗಾಲ ಭೋಜ ಶೆಟ್ಟರು ಉಬ್ಬಸದಿಂದ ತೀರಿಕೊಂಡರು. ಉತ್ತರಕ್ರಿಯೆಯ ಊಟವಾದ ಮೇಲೆ ಅವರ ಭಾವಮೈದ ಎಂಜಿನುಗಳ ಪೆಟ್ಟಿಗೆಯನ್ನು ಜಗಲಿಗೆ ತಂದು, "ನೆನ್ಪಿಗೆ ನಿಮ್ಗ್ ಬೇಕಾದ್ದ್ ತಕಣಿ" ಎಂದ. ಉಮಾನಾಥ ಶೆಟ್ಟರು ಹಸಿರು ಎಂಜಿನು ಎತ್ತಿಕೊಂಡರು. ಕುಷ್ಟ ರೈಲಿನ ಎರಡು ಡಬ್ಬಿ ಆರಿಸಿದ. ಮಂಜಯ್ಯ ಶೆಟ್ಟರ ಕಣ್ಣು ಹೋದದ್ದು ಭೋಜ ಶೆಟ್ಟರು ಸದಾ ಚೀಲದಲ್ಲಿ ಹೊತ್ತು ತರುತ್ತಿದ್ದುದರ ಮೇಲೆ. "ನಂಗ್ ಆ ಕಪ್ಪು ಎಂಜಿನ್ ಕೊಡಿ" ಎಂದು ಬಾಯಿಬಿಟ್ಟು ಕೇಳಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಉಮಾನಾಥ ಶೆಟ್ಟರು ಮೆಲ್ಲಗೆ ಬಗ್ಗಿದರು.

"ಹ್ವಾಯ್ ಮಂಜಯ್ಯಣ್ಣ, ಎಂತ ಕೆಲ್ಸ ಮಾಡಿರಿ ಮಾರಾಯ್ರೆ! ಭೋಜಣ್ಣ ಅದನ್ನ ಶನಿ ಅಂದೇ ಕರೀತಿದ್ದದ್ದ್ ನೆನ್ಪಿಲ್ಯಾ?"

ಹಿಂದಿನ ಸೀಟಿನಿಂದ ಕುಷ್ಟ ತಲೆ ಹಾಕಿದ. "ಮತ್ತೆ ಬಾಯಿ ಬಿಟ್ಟ್ ಕೇಂಡದ್ದೂ ನೀವೇ ಶೆಟ್ರೆ."

ಮಂಜಯ್ಯ ಶೆಟ್ಟರಿಗೆ ತೊಡೆಯ ಮೇಲಿನ ಎಂಜಿನು ಕಲ್ಲಿನಷ್ಟು ಭಾರವಾಯಿತು.

ಆಮೇಲೆ ಕೇಳಬೇಕೇ? ಒಂದು ಕರು ಸತ್ತಿತು. ಬಾವಿಯ ಒಂದು ಬದಿ ಕುಸಿಯಿತು. ಶೆಟ್ಟರ ದವಡೆ ಹಲ್ಲು ಬಿತ್ತು. ಹಿಂದಿನ ವರ್ಷವೂ ಕರು ಸತ್ತಿತ್ತು, ಬಾವಿ ಅಜ್ಜನ ಕಾಲದ್ದು, ಹಲ್ಲಂತೂ ಅದಕ್ಕಿಂತ ಸ್ವಲ್ಪವೇ ಹೊಸದು. ಆದರೆ ಲೆಕ್ಕ ಹಾಕುವಾಗ ಎಲ್ಲವೂ ಎಂಜಿನಿನ ತಲೆಗೇ ಬಂತು. ಇಷ್ಟಾದರೂ ಶೆಟ್ಟರು ಸಹಿಸುತ್ತಿದ್ದರೇನೋ. ಸಹಿಸಲಾರದ್ದು ಬೇರೆ ಇತ್ತು. ಒಬ್ಬಳೇ ಮಗಳು ವನಜ ಹೆರಿಗೆಗೆ ತವರಿಗೆ ಬಂದಳು. ಎರಡು ವರ್ಷದ ಹಿಂದೆ ಅವಳ ಮೊದಲ ಕೂಸು ಅಳದೆ ಹುಟ್ಟಿತ್ತು. ಬಾಳೆ ಎಲೆಯಲ್ಲಿ ಸುತ್ತಿದ ಆ ಕೂಸನ್ನು ತೆಂಗಿನ ಬುಡಕ್ಕೆ ಒಯ್ದವರು ಮಂಜಯ್ಯ ಶೆಟ್ಟರೇ. ಆ ಹಗುರ ಅವರ ಅಂಗೈಯಲ್ಲಿ ಇನ್ನೂ ಇತ್ತು.

ಶೆಟ್ಟರು ಎಂಜಿನನ್ನು ಒಂದು ವಸ್ತ್ರದಲ್ಲಿ ಕಟ್ಟಿಕೊಂಡು ಜೋಯಿಸರಲ್ಲಿಗೆ ಹೋದರು. ಜೋಯಿಸರು ಜನ್ಮದಲ್ಲಿ ರೈಲು ಕಂಡವರಲ್ಲ. ಕವಡೆ ಸರಿಸಿ, ಎಂಜಿನನ್ನು ಮಗುಚಿ ನೋಡಿ, "ಇದ್ ಯಾವ ದಿಕ್ಕಿಗ್ ಹೋಪುದ್?" ಎಂದು ಕೇಳಿದರು.

"ದಿಕ್ಕ್ ಅಂತಿಲ್ಲೆ ಜೋಯಿಸ್ರೆ. ಸುತ್ತ್ ಬಪ್ಪುದ್."

"ಹೊರಟಲ್ಲಿಗೇ ಬಪ್ಪುದಾ?"

"ಹೌದ್."

"ಹಾಂಗಾರೆ ಹೊಳೆಗ್ ಹಾಕಿದ್ರೂ ಅದ್ ನಿಮ್ಮಲ್ಲಿಗೇ ಬಪ್ಪುದ್" ಎಂದು ಜೋಯಿಸರು ಕವಡೆ ಚೀಲಕ್ಕೆ ತುಂಬಿದರು. ಶೆಟ್ಟರು ದಕ್ಷಿಣೆ ಇಟ್ಟು ಎಂಜಿನನ್ನು ಮತ್ತೆ ವಸ್ತ್ರದಲ್ಲಿ ಕಟ್ಟಿಕೊಂಡರು.

ಉಳಿದದ್ದು ಒಂದೇ ದಾರಿ, ಯಾರಾದರೂ ಕೇಳುವಂತೆ ಮಾಡುವುದು. ಮುಂದಿನ ಸಂಕ್ರಮಣಕ್ಕೆ ಶೆಟ್ಟರು ಎಂಜಿನಿಗೆ ಎಣ್ಣೆ ಹಾಕಿ ಮಿರಮಿರ ಮಿಂಚಿಸಿ ಉಪ್ಪರಿಗೆಗೆ ತಂದರು.

"ಎಂತ ಓಟ ಕಾಣಿ! ತಿರುವಿನಲ್ಲಿ ಒಂಚೂರು ಅಲುಗುದಿಲ್ಲ. ಇಂಥಾ ಎಂಜಿನ್ ಬೊಂಬಾಯಲ್ಲೂ ಸಿಕ್ಕುಕಿಲ್ಲೆ. ಕುಷ್ಟ, ನಿನ್ನ್ ಕೆಂಪು ಡಬ್ಬಿಗೆ ಇದ್ ಎಷ್ಟ್ ಒಪ್ಪತ್ತ್ ಮಾರಾಯ!"

ಕುಷ್ಟ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದ. "ಶೆಟ್ರೆ, ಮೀನ್ ಮಾರುವವ ನಾನ್. ಇದ್ ತಾಜಾ, ಇದ್ ತಾಜಾ ಅಂತ ಯಾವ ಮೀನಿಗೆ ಹೆಚ್ಚ್ ಕೂಗ್ತ್ರ್ ಅಂತ ನಂಗ್ ಹೇಳಿ ಕೊಡ್ಬೇಕಾ?"

ಉಮಾನಾಥ ಶೆಟ್ಟರು ನಗು ತಡೆಯಲಾರದೆ ಕಾಫಿಯಲ್ಲಿ ಕೆಮ್ಮಿದರು. ಮಂಜಯ್ಯ ಶೆಟ್ಟರು ನಗಲಿಲ್ಲ. ವನಜಳಿಗೆ ದಿನ ತುಂಬುತ್ತಿತ್ತು. ಬೆಳಿಗ್ಗೆ ದೀಪ ಹಚ್ಚಿ ಕೈಮುಗಿಯುವಾಗ ಅವರು ಕೇಳಿಕೊಳ್ಳುತ್ತಿದ್ದದ್ದು ಒಂದೇ: ದೇವರೇ, ಯಾರಾದರೂ ಒಬ್ಬರು ಬಂದು ಅದನ್ನು ಕೇಳಲಿ.

ದೇವರು ಒಬ್ಬರನ್ನು ಕಳಿಸಿದ. ಕಳಿಸಿದ್ದು ಭೋಜ ಶೆಟ್ಟರ ಹೆಂಡತಿ ಉಮಾವತಿಯನ್ನು.

ಗಂಡನ ವರ್ಷಾಂತದ ಕ್ರಿಯೆ ಕಳೆದ ಮೇಲೆ ಆಕೆ ಮನೆಯಿಂದ ಹೊರಟದ್ದು ಅದೇ ಮೊದಲು. ಎದುರಿನ ಅಂಗಳದಿಂದ ಬಾರದೆ ದನದ ಹಟ್ಟಿಯ ಬದಿಯಿಂದ ಬಳಸಿ ಬಂದರು, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಹಿಂಬದಿಯ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದ ವನಜಳನ್ನು ಕಂಡು ಮುಖ ಅರಳಿತು. ಅಷ್ಟರಲ್ಲಿ ಮಂಜಯ್ಯ ಶೆಟ್ಟರ ಹೆಂಡತಿ ಗುಲಾಬಿ ಬಾಗಿಲಿಗೆ ಬಂದು, "ವನಜಾ, ಒಳ್ಗ್ ಬಾ ಕಾಂಬ, ಹಾಲ್ ಉಕ್ಕತ್ತ್" ಎಂದಳು. ಒಲೆ ಆರಿ ಬಹಳ ಹೊತ್ತಾಗಿತ್ತು. ಅದು ಜಗಲಿಯಿಂದಲೇ ಕಾಣುತ್ತಿತ್ತು. ಉಮಾವತಿ ಕಂಡರು, ಕಂಡದ್ದನ್ನು ಮುಖದಲ್ಲಿ ತೋರಿಸಲಿಲ್ಲ. ಹಪ್ಪಳದ ಕಟ್ಟನ್ನು ಯಾರ ಕೈಗೂ ಕೊಡದೆ ಜಗಲಿಯ ಅಂಚಿನಲ್ಲಿಟ್ಟರು. ದನಿ ಕೇಳಿ ಮಂಜಯ್ಯ ಶೆಟ್ಟರೂ ಜಗಲಿಗೆ ಬಂದರು.

"ಮಂಜಯ್ಯಣ್ಣ, ಒಂದ್ ಕೇಂಬುಕೆ ಬಂದದ್ದ್. ಅವ್ರ ಕಪ್ಪು ಎಂಜಿನ್ ನಿಮ್ಮಲ್ಲಿತ್ತಂಬ್ರು. ಅದನ್ನ ನಂಗ್ ಕೊಡ್ತ್ರಿಯಾ?"

ಮಂಜಯ್ಯ ಶೆಟ್ಟರ ಎದೆ ಒಮ್ಮೆ ಹಾರಿತು. ಬಾಯಿ ಬಿಟ್ಟು ಕೇಳಿಯಾಯಿತು! ಹೂಂ ಎಂದರೆ ಸಾಕು, ಮಗಳ ಮೇಲಿನ ನೆರಳು ಇನ್ನೊಬ್ಬರ ಬೆನ್ನು ಹತ್ತಿ ಹೋಗುತ್ತದೆ. ಅವರು ಹೂಂ ಎನ್ನಲು ತಲೆ ಎತ್ತಿದರು. ಎದುರಿಗೆ ಆಕೆಯ ಬರಿಯ ಹಣೆ ಕಂಡಿತು. ಆ ಬೆನ್ನಿನ ಮೇಲೆ ಇನ್ನೂ ಏನನ್ನು ಹೊರಿಸುವುದು? ಒಳಗೆ ಮಗಳು ನರಳುತ್ತ ಮಗ್ಗುಲು ಬದಲಿಸುವುದು ಕೇಳಿಸಿತು. ಶೆಟ್ಟರು ಕಣ್ಣು ಮುಚ್ಚಿದರು.

"ಬ್ಯಾಡ ಅತ್ಗೆ. ಬೇರೆ ಎಂತ ಬೇಕಾರೂ ಕೇಣಿ, ಕೊಡ್ತೆ. ಅದೊಂದ್ ಬ್ಯಾಡ."

"ಎಂತಕೆ?"

"ಅದ್ ಒಳ್ಳೇದಲ್ಲ. ಭೋಜಣ್ಣನ್ನ ತಿಂದದ್ದ್ ಅದೇ ಅಂತ್ರ್."

"ಅವ್ರನ್ನ ತಿಂದದ್ದ್ ಬೀಡಿ, ಮಂಜಯ್ಯಣ್ಣ. ಅದ್ಕೂ ಐವತ್ತ್ ವರ್ಷ ಬೇಕಾಯ್ತ್."

"ಅವ್ರೇ ಅದನ್ನ ಶನಿ ಅಂತಿದ್ದಿರ್ ಅಲ್ದಾ?"

"ನನ್ನ್ ಮಗನ ಹೆಸ್ರ್ ಎಂತ?"

"ಕುಪ್ಪ."

"ಎಂತಕೆ ಕುಪ್ಪ?"

ಮಂಜಯ್ಯ ಶೆಟ್ಟರು ಉತ್ತರ ಹೇಳಲು ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ನಿಂತಿತು.

ಉಮಾವತಿ ನಕ್ಕರು. ಒಂದು ವರ್ಷ ನಗದ ಮುಖವಾದ್ದರಿಂದ ನಗು ಸರಿಯಾಗಿ ಕೂಡಲಿಲ್ಲ. "ನೀವೆಲ್ಲ ಒಟ್ಟಿಗ್ ಕೂಕಂಡ್ರೆ ಯಾರ ಕಣ್ಣ್ ಎಲ್ ಬೀಳತ್ತೋ ಅಂತ ಅವ್ರಿಗ್ ಹೆದ್ರಿಕೆ. ಉಪ್ಪರಿಗೇಲಿ ಶನಿ, ಮನೆಗ್ ಬಂದ್ರೆ ರಾಜ. ದಿನಾ ಬೆಳಿಗ್ಗೆ ದೇವ್ರಿಗ್ ದೀಪ ಇಟ್ಟ್, ಮಂಚದ ಅಡಿಗೆ ಒಂದ್ ಸುತ್ತ್ ಓಡಿಸ್ತಿದ್ದಿರ್. ಆ ಕಿರ್ ಕಿರ್ ಕೇಂಡ ಮೇಲೇ ನಾನ್ ಕಾಪಿಗ್ ನೀರಿಡುದ್. ಈಗ ನಂಗ್ ಬೆಳ್ಗಾದದ್ದೇ ಗೊತ್ತಾತಿಲ್ಲೆ."

ಶೆಟ್ಟರು ಒಳಗೆ ಹೋಗಿ, ಗೋಣಿ ಮುಚ್ಚಿ ಅಟ್ಟದ ಮೂಲೆಗೆ ನೂಕಿದ್ದ ಎಂಜಿನನ್ನು ತಂದರು. ಬೆಳಕಿಗೆ ಹಿಡಿದಾಗ ಅದರ ಚಕ್ರದ ಸುತ್ತ ಬಂಗಾರದ ಬಣ್ಣದ ಗೆರೆಯೊಂದು ಇರುವುದು ಕಂಡಿತು. ಎಣ್ಣೆ ಹಾಕಿ ಉಜ್ಜುವಾಗಲೂ ಅದನ್ನು ಅವರು ನೋಡಿಯೇ ಇರಲಿಲ್ಲ. ಹೆದರಿದವನು ನೋಡುವುದು ಕಡಿಮೆ. ಇದು ತೊಲಗಲೆಂದು ದಿನವೂ ಕೈಮುಗಿದ ಮನುಷ್ಯನಿಗೆ ಈಗ ಕೊಡಲು ಕೈಯೇ ಬರಲಿಲ್ಲ. ಧೂಳು ಒರೆಸುವ ನೆವದಲ್ಲಿ ಬಹಳ ಹೊತ್ತು ಒರೆಸಿದರು. ಕೊನೆಗೆ ನಾಚಿಕೆಯಾಗಿ ಆಕೆಯ ಕೈಯಲ್ಲಿಟ್ಟರು.

ಉಮಾವತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹಟ್ಟಿಯ ಕಡೆಗೇ ತಿರುಗಿದರು. ಬಂದ ದಾರಿಯಲ್ಲೇ, ಯಾರಿಗೂ ಎದುರಾಗದ ಹಾಗೆ. ಶೆಟ್ಟರು ನೋಡುತ್ತ ನಿಂತರು. ಶನಿಯೆಂದು ತಾವು ಮೂಲೆಗೆ ನೂಕಿದ್ದು ಒಂದನ್ನೇ ಅಲ್ಲ ಎಂದು ಅವರಿಗೆ ಹೊಳೆಯಿತು.

"ಅತ್ಗೆ, ನಿಲ್ಲಿ" ಎಂದರು. "ವನಜಾ, ಹೊರಗ್ ಬಾ ಮಗಾ."

ಗುಲಾಬಿ ಬಾಗಿಲಲ್ಲಿ ಅಡ್ಡ ನಿಂತಳು. "ಎಂತ ಮಾಡ್ತ್ರಿ ನೀವ್?" ಎಂದು ಹಲ್ಲು ಕಚ್ಚಿ ಕೇಳಿದಳು. ಶೆಟ್ಟರಿಗೂ ಬಾಳೆ ಎಲೆಯ ಆ ಹಗುರ ನೆನಪಾಗಿತ್ತು. ವನಜ ಮಾತ್ರ ತಾಯಿಯ ತೋಳಿನ ಅಡಿಯಿಂದ ನುಸುಳಿ ಬಂದು, "ದೊಡ್ಡಮ್ಮ, ಹಪ್ಪಳ ಹಸೀದಾ, ಒಣಗ್ಸಿದ್ದಾ?" ಎಂದಳು.

"ಅತ್ಗೆ" ಎಂದರು ಶೆಟ್ಟರು, "ನಾನ್ ಬಾಯಿ ಬಿಟ್ಟ್ ಕೇಂತೆ. ಅವ್ಳ ತಲೆ ಮೇಲೆ ಕೈ ಇಡಿ."

ಉಮಾವತಿಯ ಕೈ ಎದ್ದಿತು, ನಡುವೆ ನಿಂತಿತು, ಮತ್ತೆ ಮೆಲ್ಲಗೆ ವನಜಳ ಬೈತಲೆಯ ಮೇಲೆ ಇಳಿಯಿತು. ಆಕೆ ಹೋದದ್ದು ಎದುರಿನ ಅಂಗಳದಿಂದ.

ಆ ವಾರ ಕಳೆಯುವವರೆಗೆ ಗುಲಾಬಿ ಗಂಡನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಶೆಟ್ಟರು ದೇವರ ಮುಂದೆ ಕೂತವರು ಏನನ್ನೂ ಕೇಳದೆ ಸುಮ್ಮನೆ ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ವನಜಳಿಗೆ ನೋವು ಬಂತು. ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದ ಒಂದು ಅಳು ಕೇಳಿಸಿತು. ಎಂಥ ಅಳು! ಹಟ್ಟಿಯ ದನಗಳು ಕಿವಿ ನಿಮಿರಿಸಿದವು. ಜಗಲಿಯ ಕಂಬ ಹಿಡಿದು ನಿಂತಿದ್ದ ಮಂಜಯ್ಯ ಶೆಟ್ಟರು ಅದೇ ಕಂಬಕ್ಕೆ ಹಣೆ ಒತ್ತಿ ಅತ್ತರು.

ಸಂಕ್ರಮಣದ ದಿನ ಉಪ್ಪರಿಗೆಯಲ್ಲಿ ಇದರ ವಿಚಾರಣೆ ನಡೆಯಿತು. "ಎಂಜಿನ್ ಮನೆ ಬಿಟ್ಟದ್ದಕ್ಕೇ ಮಗು ಬದ್ಕಿದ್ದ್" ಎಂದರು ಉಮಾನಾಥ ಶೆಟ್ಟರು. "ಅಲ್ಲ ಶೆಟ್ರೆ, ಅದ್ ಗೆಲುವಿನ ಎಂಜಿನ್. ಗರ್ಭಕ್ಕೆ ಕಾವಲಿದ್ದದ್ದೇ ಅದ್" ಎಂದ ಕುಷ್ಟ. ಇಬ್ಬರೂ ಜಗಳವಾಡಿ, ಕೊನೆಗೆ ಒಬ್ಬರಿಗೊಬ್ಬರು ತಿಳಿಯದ ಹಾಗೆ ಬಾರ್ಕೂರಿಗೆ ಹೋಗಿ ಎಂಜಿನು ಕೇಳಿ ಬಂದರು. ಇಬ್ಬರಿಗೂ ಉಮಾವತಿ ಕಾಫಿ ಕೊಟ್ಟು ಹೇಳಿದ ಮಾತು ಒಂದೇ: "ಆ ಶನಿ ನಿಮ್ಗೆಂತಕೆ?"

ಮಂಜಯ್ಯ ಶೆಟ್ಟರೂ ಬಾರ್ಕೂರಿಗೆ ಹೋದರು, ಸಕ್ಕರೆ ಕಟ್ಟಿಕೊಂಡು ಸುದ್ದಿ ಹೇಳಲು. ಒಳಗೆ ಮಂಚದ ಅಡಿಯಲ್ಲಿ ಕಿರ್ ಕಿರ್ ಸದ್ದು ಒಂದು ಸುತ್ತು ಬಂದು ನಿಂತಿತು. ಒಲೆಯ ಮೇಲೆ ಕಾಫಿಯ ನೀರು ಕುದಿಯುತ್ತಿತ್ತು.

"ಮಗು ಹ್ಯಾಂಗಿತ್ತ್, ಮಂಜಯ್ಯಣ್ಣ?" ಎಂದು ಉಮಾವತಿ ಕೇಳಿದರು.

ಮೊಮ್ಮಗನ ಕಣ್ಣು, ಮೂಗು, ಮುಷ್ಟಿ ಹಿಡಿದ ಕೈ, ಎಲ್ಲವೂ ಶೆಟ್ಟರ ನಾಲಿಗೆಯ ತುದಿಗೆ ಬಂದಿತು. ಅವರು ಅದನ್ನೆಲ್ಲ ನುಂಗಿಕೊಂಡರು.

"ಎಂತ ಹೇಳುದ್ ಅತ್ಗೆ. ಒಂದ್ ಶನಿ."

"ಹಾಂಗಾರೆ ಅಡ್ಡಿಲ್ಲೆ" ಎಂದು ಉಮಾವತಿ ಸಕ್ಕರೆ ಬಾಯಿಗೆ ಹಾಕಿಕೊಂಡರು. "ನೂರ್ ವರ್ಷ ಬದ್ಕತ್ತ್."