ಕಾಲರಿನೊಳಗಿನ ಕೋಡ್

ಕಸೂತಿ ವಿನ್ಯಾಸ ಮಾಡುವ ನನ್ನ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಕುಳಿತರೆ ಅದು ಕೋಡ್ ಕೇಳಿತು. ಕೋಡ್ ಇದ್ದ ಕಾರ್ಡು ಮೇಜಿನ ಮೇಲಿರಲಿಲ್ಲ. ನನ್ನ ಗಂಡ ದರ್ಜಿ. ಗಟ್ಟಿ ಕಾಗದ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

"ವಕೀಲರ ಶರ್ಟಿನ ಕಾಲರಿಗೆ ಹಾಕಿದೆ ಕಣೇ. ಎಷ್ಟು ಚೆನ್ನಾಗಿ ನಿಂತಿದೆ ಗೊತ್ತಾ?" ಎಂದರು.

ಹಲ್ಲು ಕಚ್ಚಿಕೊಂಡು ವಕೀಲರಿಗೆ ಫೋನ್ ಮಾಡಿದೆ. ಕೋರ್ಟಿಗೆ ಹೋಗುವ ದಾರಿಯಲ್ಲಿ ಅದೇ ಶರ್ಟು ತೊಟ್ಟು ಬಂದರು. ಗಂಡ ಕಾಲರು ಬಿಚ್ಚಿದರು. ಎರಡು ತುದಿಗಳಿಂದ ಕಾರ್ಡಿನ ಎರಡು ಚೂರುಗಳು ಹೊರಬಂದವು. ವಕೀಲರು ಬನಿಯನ್ನಿನಲ್ಲೇ ಕುಳಿತು ಅವನ್ನು ಜೋಡಿಸಿ, ತೀರ್ಪು ಓದುವವರ ಗತ್ತಿನಲ್ಲಿ ಕೋಡ್ ಓದಿದರು. ನಾನು ಟೈಪ್ ಮಾಡಿದೆ. ಕಂಪ್ಯೂಟರ್ ಒಪ್ಪಿಕೊಂಡಿತು.

"ಇನ್ನು ಇದು ಬೇಡ ತಾನೇ?" ಗಂಡ ಕೇಳಿದರು.

"ಬೇಡ" ಎಂದೆ.

ಚೂರುಗಳನ್ನು ಮತ್ತೆ ಒಳಗಿಟ್ಟು ಹೊಲಿದರು. ವಕೀಲರು ಕತ್ತು ನೆಟ್ಟಗೆ ಮಾಡಿಕೊಂಡು ಕೋರ್ಟಿಗೆ ಹೊರಟರು.

ಕಂಪ್ಯೂಟರ್ ತಾನಾಗಿಯೇ ಆಫ್ ಆಗಿ, ಮತ್ತೆ ಆನ್ ಆಗಿ, ಖಚಿತಪಡಿಸಲು ಕೋಡನ್ನು ಇನ್ನೊಮ್ಮೆ ನಮೂದಿಸಿ ಎಂದಿತು.

"ವಾದ ಮುಗಿಸ್ಕೊಂಡು ಈ ಕಡೆನೇ ಬರ್ತಾರೆ ಬಿಡು" ಎಂದರು ಗಂಡ.

ನಾನು ಅವರ ಕತ್ತರಿ ತೆಗೆದುಕೊಂಡು ಕೋರ್ಟಿನ ದಾರಿ ಹಿಡಿದೆ.